‘ತುರ್ತು ಪರಿಸ್ಥಿತಿ’ ಎಂದು ಬರೆದಿದ್ದ ಬಾಗಿಲು

ನಾನು ಬದುಕಿ ಉಳಿದ ಕಥೆಯನ್ನು ನಮ್ಮ ಕಡೆ ಹೀಗೆ ಹೇಳುತ್ತಾರೆ: ಹುಡುಗನಿಗೆ ಅಪೆಂಡಿಕ್ಸ್ ಆಗಿತ್ತು. ಸೋದರಮಾವ ಎಂಬ ದಡ್ಡ ಮನುಷ್ಯ ಅವನನ್ನು ಎಮರ್ಜೆನ್ಸಿ ಬಾಗಿಲ ತನಕ ಕರೆದುಕೊಂಡು ಹೋಗಿ, ಒಳಗೆ ಬಿಡದೆ, ಎರಡೂವರೆ ಗಂಟೆ ಬೇರೆ ಕ್ಯೂನಲ್ಲಿ ಕೂರಿಸಿದ. ಅಪೆಂಡಿಕ್ಸ್ ಒಡೆದುಹೋಯಿತು. ದೇವರು ದೊಡ್ಡವನು, ಡಾಕ್ಟರ ಕೈಗುಣ ಚೆನ್ನಾಗಿತ್ತು, ಹುಡುಗ ಉಳಿದ. ಗುಬ್ಬಿಯಲ್ಲಿ ಇದನ್ನು ನಗುತ್ತಾ ಹೇಳುತ್ತಾರೆ. ಕೊತ್ತಗೆರೆಯಲ್ಲಿ ಮಾವನ ಎದುರಿಗೇ ಹೇಳುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲೂ ಇದೇ ಕಥೆ ಒಂದು ಸಾಲಿನಲ್ಲಿದೆ: ‘ಬಂಧುಗಳು ತಡವಾಗಿ ಕರೆತಂದರು.’

ಹೊಟ್ಟೆ ನನ್ನದು. ಕೊಯ್ದ ಗುರುತು ಹೊಕ್ಕುಳಿನ ಪಕ್ಕದಿಂದ ಕೆಳಕ್ಕೆ ಇಳಿದಿದೆ, ಅದೂ ನನ್ನದೇ. ಆದ್ದರಿಂದ ಈ ಕಥೆಗೆ ತಕರಾರು ಎತ್ತುವ ಹಕ್ಕು ಬೇರೆ ಯಾರಿಗಿಂತಲೂ ನನಗೆ ಹೆಚ್ಚು. ನಾನು ಹೇಳುವುದಿಷ್ಟು: ಕಥೆಯಲ್ಲಿ ನಡೆದದ್ದೆಲ್ಲ ನಿಜ, ತೀರ್ಮಾನ ಮಾತ್ರ ಸುಳ್ಳು.

ಆಗ ನಾನು ತುಮಕೂರಿನಲ್ಲಿ ಬಿ.ಎ. ಓದುತ್ತಿದ್ದೆ. ಶಿರಾ ಗೇಟ್ ಹತ್ತಿರ ಒಂದು ರೂಮು, ವಾರಕ್ಕೊಮ್ಮೆ ಗುಬ್ಬಿಗೆ ಮನೆಗೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಹೆಸರು ಓಡುತ್ತಿತ್ತು. ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದ ಕಾಲ. ಆ ವರ್ಷದ ಚರ್ಚೆಯ ವಿಷಯ ‘ತುರ್ತು ಪರಿಸ್ಥಿತಿಯಿಂದ ದೇಶದಲ್ಲಿ ಶಿಸ್ತು ಬಂದಿದೆ’ ಎಂದಿತ್ತು. ವಿರೋಧವಾಗಿ ಮಾತಾಡಲು ಒಬ್ಬನೂ ಹೆಸರು ಕೊಡಲಿಲ್ಲ. ಪರವಾಗಿಯೇ ಆರು ಜನ ಮಾತಾಡಿದೆವು, ಗೆದ್ದವನು ನಾನು. ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿವೆ ಎಂಬುದು ನನ್ನ ಮೊದಲನೆಯ ಪಾಯಿಂಟು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಅಪ್ಪ ಇರಲಿಲ್ಲ. ಅಮ್ಮನ ತಮ್ಮ ಗಂಗಣ್ಣ ಮಾವ ಕೊತ್ತಗೆರೆಯಲ್ಲಿ ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ನೋಡಿಕೊಂಡು, ನಮ್ಮ ಮನೆಯನ್ನೂ ನೋಡಿಕೊಂಡಿದ್ದ. ಎಸ್ಸೆಸ್ಸೆಲ್ಸಿ ಓದಿದವನು. ಕೊತ್ತಗೆರೆಯ ಸುತ್ತ ಯಾರಿಗೆ ಕಾಯಿಲೆಯಾದರೂ ಮೊದಲು ಮಾವನಿಗೆ ಹೇಳಿಕಳಿಸುತ್ತಿದ್ದರು. ಹಾವು ಕಚ್ಚಿದವರು, ಹೆರಿಗೆ ನಿಂತವರು, ಮರದಿಂದ ಬಿದ್ದವರು, ಎಲ್ಲರನ್ನೂ ಅವನು ಬಸ್ಸಿನಲ್ಲೋ ಲಾರಿಯಲ್ಲೋ ಕುಣಿಗಲ್ಲಿಗೆ ಸಾಗಿಸುತ್ತಿದ್ದ. ಅಲ್ಲಿ ಆಗದಿದ್ದರೆ ತುಮಕೂರಿಗೆ. ಯಾವ ಕಿಟಕಿಯಲ್ಲಿ ಚೀಟಿ, ಯಾವ ಡಾಕ್ಟರು ಬೈಯುತ್ತಾರೆ, ಯಾವ ಡಾಕ್ಟರು ಬೈದರೂ ಚೆನ್ನಾಗಿ ನೋಡುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಇದನ್ನು ನೆನಪಿಟ್ಟುಕೊಳ್ಳಿ ಎಂದು ಓದುಗರನ್ನು ಕೇಳುತ್ತೇನೆ. ಹೇಳುವವರು ಈ ಭಾಗವನ್ನು ಸದಾ ಬಿಟ್ಟುಬಿಡುತ್ತಾರೆ.

ಅವತ್ತು ನಾನು ಮನೆಗೆ ಬಂದಿದ್ದೆ, ಮಾವನೂ ಗುಬ್ಬಿಯಲ್ಲೇ ಇದ್ದ. ಹಿಂದಿನ ದಿನದಿಂದ ಹೊಟ್ಟೆ ಹಿಡಿದುಕೊಂಡಿದ್ದ ನನಗೆ ಬೆಳಿಗ್ಗೆ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಅಮ್ಮ ಓಮದ ಕಷಾಯ ಕೊಟ್ಟಳು, ಅದು ಹೋದಷ್ಟೇ ವೇಗವಾಗಿ ವಾಪಸ್ಸು ಬಂತು.

ಮಾವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಏನ್ಲಾ ರಂಗ, ಎಲ್ಲಿ ನೋಯ್ತದೆ, ಬೆರಳಿಟ್ಟು ತೋರ್ಸು.”

ಬಲಗಡೆ ಕೆಳಗೆ ತೋರಿಸಿದೆ. ಅವನು ಅಮ್ಮನ ಕಡೆ ತಿರುಗಿದ. “ಇದು ಕಷಾಯದ್ದಲ್ಲ ಕಣಕ್ಕ. ಸೀರೆ ಉಟ್ಕೋ, ರೈಲಿಗೆ ಟೈಮಾಯ್ತು.”

ತಡ ಮಾಡಿದ ಮನುಷ್ಯ ಇವನು. ಬೆರಳು ನೋಡಿದ ಕಾಲು ಗಂಟೆಯೊಳಗೆ ನನ್ನನ್ನು ಸ್ಟೇಷನ್ನಿಗೆ ತಂದಿದ್ದ. ನಿಟ್ಟೂರು ಕಡೆಯಿಂದ ಬರುವ ಪ್ಯಾಸೆಂಜರ್ ಸಮಯಕ್ಕೆ ಸರಿಯಾಗಿ ಬಂತು. ಹತ್ತಿದ ಮೇಲೆ ಮಾವ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ನಿನ್ ಪಾಯಿಂಟು ಗೆದ್ತು ಬುಡ್ಲಾ” ಎಂದ. ನಗಲು ಹೋಗಿ ನೋವಿಗೆ ಅತ್ತೆ.

ತುಮಕೂರು ಸ್ಟೇಷನ್ನಿನಿಂದ ಜಟಕಾ. ಗಾಡಿ ಒಂದೊಂದು ಗುಂಡಿಗೆ ಇಳಿದಾಗಲೂ ಹೊಟ್ಟೆಯೊಳಗೆ ಯಾರೋ ಗುದ್ದಿದಂತಾಗುತ್ತಿತ್ತು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನನ್ನನ್ನು ಉಳಿಸಿದವರೂ ಅಲ್ಲಿಯವರೇ. ಕಾಂಪೌಂಡಿನ ಒಳಗೆ ಬಲಕ್ಕೆ ಒಂದು ಅಗಲವಾದ ಬಾಗಿಲು. ಅದಕ್ಕೆ ಮೊದಲು ಬೋರ್ಡೇ ಇರಲಿಲ್ಲ. ಜನ ‘ಆಕ್ಸಿಡೆಂಟ್ ರೂಮು’ ಅನ್ನುತ್ತಿದ್ದರು. ಆ ಬಾಗಿಲಲ್ಲಿ ಮಾವ ಎಷ್ಟು ಜನರನ್ನು ಒಳಕ್ಕೆ ಹೊತ್ತುಕೊಂಡು ಹೋಗಿದ್ದನೋ ಅವನಿಗೇ ಲೆಕ್ಕವಿಲ್ಲ.

ಅವತ್ತು ಹೊಸ ಬೋರ್ಡು ಹಾಕಿದ್ದರು. ಬಿಳಿ ಹಲಗೆ, ಕೆಂಪು ಅಕ್ಷರ. ಎಲ್ಲ ಬೋರ್ಡುಗಳೂ ಕನ್ನಡದಲ್ಲಿರಬೇಕು ಎಂದು ಆಫೀಸಿನಿಂದ ಆದೇಶ ಬಂದಿತ್ತಂತೆ. ‘ಎಮರ್ಜೆನ್ಸಿ’ಗೆ ಕನ್ನಡ ಏನು ಎಂದು ಗುಮಾಸ್ತರೊಬ್ಬರು ಪೇಪರು ನೋಡಿದ್ದಾರೆ. ಪೇಪರಿನಲ್ಲಿ ದಿನವೂ ಅದೇ ಇತ್ತಲ್ಲ. ಬರೆಸಿಬಿಟ್ಟರು: ‘ತುರ್ತು ಪರಿಸ್ಥಿತಿ ವಿಭಾಗ’.

ಜಟಕಾ ಇಳಿದ ಮಾವ ಬೋರ್ಡು ಓದಿದ. ಬಾಗಿಲ ಪಕ್ಕದಲ್ಲಿ ಲಾಠಿ ಹಿಡಿದ ಒಬ್ಬ ಪೊಲೀಸು ಸ್ಟೂಲಿನ ಮೇಲೆ ಕೂತಿದ್ದ. ಹೊಡೆದಾಟದಲ್ಲಿ ಗಾಯಗೊಂಡು ಬಂದವರ ಹೇಳಿಕೆ ಬರೆದುಕೊಳ್ಳಲು ಅಲ್ಲಿ ಯಾವಾಗಲೂ ಒಬ್ಬ ಇರುತ್ತಾನೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಪೊಲೀಸಿನವನ ಪಕ್ಕದಲ್ಲಿ ಒಂದು ಜೀಪು, ಅದರ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಆ ದಿನಗಳಲ್ಲಿ ಹಳ್ಳಿಗಳಲ್ಲಿ ಎಂಥ ಮಾತು ಹಬ್ಬಿತ್ತೆಂದು ಈಗ ಹೇಳಿದರೆ ನಗಬಹುದು. ಸಂತೆಗೆ ಹೋದವರನ್ನು ಜೀಪಿಗೆ ಹತ್ತಿಸಿಕೊಂಡು ಸಂತಾನಹರಣದ ಆಪರೇಷನ್ ಮಾಡಿ ಕಳಿಸುತ್ತಾರಂತೆ, ಮದುವೆಯಾಗದ ಹುಡುಗರನ್ನೂ ಬಿಡುವುದಿಲ್ಲವಂತೆ. ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಹೇಳಬೇಕಾಗಿದ್ದ ಪೇಪರುಗಳು ಬಾಯಿ ಕಟ್ಟಿಕೊಂಡಿದ್ದವು.

ಬೋರ್ಡು, ಪೊಲೀಸು, ಜೀಪು. ಮೂರು ಆಧಾರ, ಒಂದು ತೀರ್ಮಾನ. ನಮ್ಮ ಡಿಬೇಟ್ ಮೇಷ್ಟ್ರು ಇದಕ್ಕೆ ಪೂರ್ತಿ ಅಂಕ ಕೊಡುತ್ತಿದ್ದರು.

“ರೂಮು ಆ ಜೀಪಿನವ್ರು ತಗೊಂಡವ್ರೆ ಕಣಕ್ಕ” ಎಂದ ಮಾವ, ತುಟಿ ಅಲ್ಲಾಡಿಸದೆ. “ಮಕ ತಿರುಗಿಸ್ಕೊಂಡು ನಡೀರಿ. ಆ ಕಡೆ ದಿನದ ಡಾಕ್ಟ್ರ ಹತ್ರ ತೋರ್ಸಣ.”

ಅಮ್ಮ ಸೆರಗು ಬಿಗಿ ಮಾಡಿಕೊಂಡಳು. “ಹುಡುಗ ನಿಲ್ಲಾಕಿಲ್ಲ ಕಣೋ ಗಂಗ.”

“ನಿಂತ್ಕೊತಾನೆ. ಒಳಕ್ಕೋದ್ರೆ ಮುಂದಕ್ಕೆ ನಿನ್ ವಂಶನೇ ನಿಂತೋಯ್ತದೆ.”

ಹೇಳುವವರು ಬಿಟ್ಟುಬಿಡುವ ಇನ್ನೊಂದು ಸಂಗತಿ ಇದೆ, ಅದು ನನ್ನದು. ಬೋರ್ಡನ್ನು ನಾನೂ ಓದಿದೆ. ದೆವ್ವ ಇಲ್ಲ, ಶಕುನ ಇಲ್ಲ, ಕಣ್ಣುದೃಷ್ಟಿ ಇಲ್ಲ ಎಂದು ಮನೆಯಲ್ಲಿ ಎಲ್ಲರ ತಲೆ ತಿನ್ನುತ್ತಿದ್ದವನು, ಚರ್ಚೆಯಲ್ಲಿ ಕಪ್ ಗೆದ್ದವನು, ‘ಮಾವ, ಅದು ಗಾಯಾಳುಗಳ ರೂಮು, ಬೋರ್ಡು ಬರೆದವನು ದಡ್ಡ’ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನೋವಿಗೆ ಬಾಯಿ ಬರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ಕೆಂಪು ಅಕ್ಷರ ನೋಡಿ ನನ್ನ ಕಾಲೂ ತಾನಾಗಿಯೇ ಆ ಕಡೆ ತಿರುಗಿತು. ದಡ್ಡತನ ಅಂತ ಯಾರಾದರೂ ಅನ್ನುವುದಾದರೆ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆಯಲಿ.

ದಿನದ ಚೀಟಿಯ, ಅಂದರೆ ಹೊರರೋಗಿಗಳ ಕ್ಯೂ ಮರದ ಕೆಳಗಿನವರೆಗೆ ಬಂದಿತ್ತು. ಚೀಟಿಯಾದ ಮೇಲೆ ಬೆಂಚು. ಬೆಂಚಿನಲ್ಲಿ ಒಂದೊಂದು ಜಾಗ ಸರಿಯುತ್ತಾ ಹೋಗಬೇಕು. ಸರಿಯುವಾಗ ಹೊಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟುಕೊಳ್ಳುವ ಹಾಗೆ ಸರಿಯುತ್ತಿದ್ದೆ. ಕಾಯುವ ಬೆಂಚಿನಲ್ಲಿ ಕೂತವರಿಗೆ ಗೊತ್ತು: ಅಲ್ಲಿ ನೋವಿಗಿಂತ ಹೆಚ್ಚು ಕಾಡುವುದು, ನಮ್ಮ ನೋವು ಅಷ್ಟು ದೊಡ್ಡದೋ ಅಲ್ಲವೋ ಎಂಬ ನಾಚಿಕೆ. ಪಕ್ಕದ ಹೆಂಗಸಿನ ಮಗು ಕೆಮ್ಮುತ್ತಿತ್ತು. ಮುಂದೆ ಬಿಡಿ ಎಂದು ಕೇಳಲು ನನಗೆ ಮನಸ್ಸು ಬರಲಿಲ್ಲ.

ಎರಡು ಗಂಟೆ ಕಳೆದಿರಬೇಕು. ಇದ್ದಕ್ಕಿದ್ದಂತೆ ನೋವು ಹೋಯಿತು. ಸ್ವಿಚ್ಚು ಆರಿಸಿದಂತೆ. ನೆಟ್ಟಗೆ ಕೂತೆ.

“ಅಮ್ಮ, ನಿಂತೋಯ್ತು” ಎಂದೆ.

ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಮಾವನ ಮುಖ ಅರಳಿತು. “ವಾಯು ಕಣಕ್ಕ, ಬರೀ ವಾಯು. ಶಿರಾ ಗೇಟಲ್ಲಿ ಒಂದು ಸೋಡಾ ಕುಡ್ಸಿ, ಮಧ್ಯಾಹ್ನದ ಬಸ್ಸಿಗೆ ಊರು ಸೇರಣ.”

ಎದ್ದು ನಿಂತೆವು. ನಾನು ನಾಲ್ಕು ಹೆಜ್ಜೆ ನಡೆದೆ. ಬಕೆಟ್ಟು ಹಿಡಿದು ಎದುರಿಗೆ ಬರುತ್ತಿದ್ದ ಆಯಾ ನಿಂತು ನನ್ನ ಮುಖ ನೋಡಿದಳು. ಸಾಕಮ್ಮ ಎಂದು ಅವಳ ಹೆಸರು. ಓದಿದವಳಲ್ಲ. ಬಕೆಟ್ಟು ಕೆಳಗಿಟ್ಟು ನನ್ನ ಹಣೆ ಮುಟ್ಟಿದಳು.

“ಎಲ್ಲಿಗೆ ಕರ್ಕೊಂಡೋಯ್ತಾ ಇದೀರಿ ಇವ್ನ?”

“ಊರಿಗೆ. ನೋವು ನಿಂತೋಯ್ತು” ಎಂದ ಮಾವ.

“ನೋವು ನಿಂತ ಮಕ ಹಿಂಗಿರ್ತದೇನಪ್ಪಾ. ಮೈಯೆಲ್ಲಾ ತಣ್ಣಗೆ ಸುರೀತದೆ ನೋಡು. ಎಷ್ಟು ಜನುನ್ನ ನೋಡಿವ್ನಿ ನಾನು.” ಅವಳು ಯಾರನ್ನೂ ಕೇಳಲಿಲ್ಲ. ಒಂದು ತಳ್ಳುಗಾಡಿ ಎಳೆದು ತಂದು, ನನ್ನನ್ನು ಅದರ ಮೇಲೆ ಮಲಗಿಸಿ, ನೇರವಾಗಿ ಆ ಕೆಂಪು ಅಕ್ಷರದ ಬಾಗಿಲ ಕಡೆ ತಳ್ಳಿದಳು. ಮಾವ ಗಾಡಿಯ ಇನ್ನೊಂದು ತುದಿ ಹಿಡಿದು ನಿಲ್ಲಿಸಿದ.

“ಆ ಬಾಗಿಲು ಬ್ಯಾಡ ಕಣವ್ವ. ಬೋರ್ಡ್ ನೋಡಿಲ್ವಾ.”

“ನಂಗೆ ಓದಕ್ಕೆ ಬರಾಕಿಲ್ಲ” ಎಂದಳು ಸಾಕಮ್ಮ, “ಕೈ ಬುಡು.”

ಒಳಗೆ ಬೇಗ ಬೇಗ ನಡೆಯಿತು. ಹೊಟ್ಟೆ ಒತ್ತಿದ ಡಾಕ್ಟರು ಎರಡನೇ ಸಲ ಒತ್ತಲಿಲ್ಲ. “ಒಳಗೆ ಒಡೆದಿದೆ. ಈಗಲೇ ಆಪರೇಷನ್. ಸೈನ್ ಹಾಕಿ” ಎಂದು ಕಾಗದವನ್ನು ಮಾವನ ಕೈಗೆ ಕೊಟ್ಟರು.

ಆಪರೇಷನ್. ಆ ವರ್ಷ ಕನ್ನಡನಾಡಿನಲ್ಲಿ ಆ ಪದಕ್ಕೆ ಒಂದೇ ಅರ್ಥವಿತ್ತು. ಕಾಗದವನ್ನು ಮಾವ ಮೇಲಿನಿಂದ ಕೆಳಗೆ ಓದಿದ. ಡಾಕ್ಟರು ಗದರಿದರು. ಮಾವ ಅಮ್ಮನನ್ನು ನೋಡಿದ. ಅಮ್ಮ “ಹಾಕೋ ಗಂಗ” ಎಂದಳು. ಆಗ ಅವನು ಪೆನ್ನು ಇಸಿದುಕೊಂಡು, ಸಹಿಯ ಮೇಲುಗಡೆ ದುಂಡಗೆ ಬರೆದ: ‘ಹೊಟ್ಟೆಯ ಆಪರೇಷನ್ನಿಗೆ ಮಾತ್ರ ಒಪ್ಪಿದ್ದೇನೆ.’

“ಹುಡುಗಂಗೆ ಮದ್ವೆ ಆಗಿಲ್ಲ ಸ್ವಾಮಿ” ಎಂದ, ಕಾಗದ ವಾಪಸ್ಸು ಕೊಡುತ್ತಾ.

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರ ಮುಖದಲ್ಲಿ ಏನೋ ಬದಲಾಯಿತು. “ಆಯ್ತಪ್ಪ. ಹೊಟ್ಟೆಗೆ ಮಾತ್ರ” ಎಂದರು. ಅದನ್ನು ಮರೆಯಲಾರೆ.

ಈ ವಾಕ್ಯಕ್ಕೂ ಜನ ನಗುತ್ತಾರೆ. ನಗಲಿ. ಅಚ್ಚು ಹಾಕಿದ ಕಾಗದವನ್ನು ಪೂರ್ತಿ ಓದಿ, ತಾನು ಯಾವುದಕ್ಕೆ ಒಪ್ಪುತ್ತೇನೆ ಯಾವುದಕ್ಕೆ ಇಲ್ಲ ಎಂದು ತನ್ನ ಕೈಬರಹದಲ್ಲಿ ಬರೆದು ಸಹಿ ಹಾಕಿದ ಇನ್ನೊಬ್ಬ ಬಂಧುವನ್ನು ತೋರಿಸಿ ಎಂದು ನಾನು ಕೇಳುತ್ತೇನೆ. ಓದಿದವರು ಎನ್ನಿಸಿಕೊಂಡವರೆಲ್ಲ ತೋರಿಸಿದ ಜಾಗದಲ್ಲಿ ಗೀಚಿ ಬರುತ್ತಾರೆ.

ಎಚ್ಚರವಾದ ಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಟ್ಟೆಯಿಂದ ಒಂದು ರಬ್ಬರ್ ಕೊಳವೆ, ಮೂಗಿನಿಂದ ಒಂದು. ನೀರು ಕೊಡಬಾರದು ಎಂದಿದ್ದರು. ನೀರಿಗಾಗಿ ನಾನು ನರ್ಸಮ್ಮನ ಜೊತೆ ವಾದ ಮಾಡಿದೆ, ಬೇಡಿದೆ, ಬೈದೆ. ಅಮ್ಮ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ಆ ಹತ್ತಿಯನ್ನು ಹೀರಲು ಹೋಗಿ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡಿದ್ದೆ. ಸಾಯುತ್ತೇನೆಂಬ ಭಯ ಬಂದದ್ದು ಆಪರೇಷನ್ನಿಗೆ ಮೊದಲಲ್ಲ, ಐದಾರು ದಿನದ ಮೇಲೆ ಜ್ವರ ಇಳಿಯದಿದ್ದಾಗ. ನೋಡಲು ಬಂದ ನೆಂಟರು ಹಾಸಿಗೆಯ ತುದಿಯಲ್ಲಿ ನಿಂತು, ನನಗೆ ಕೇಳಿಸುವುದಿಲ್ಲ ಎಂದುಕೊಂಡು, “ಗಂಗಣ್ಣನ ಬುದ್ಧಿಗೆ ಏನಾಗಿತ್ತು” ಎನ್ನುತ್ತಿದ್ದರು. ಮಾವ ವರಾಂಡದಲ್ಲಿ ಕೂತಿರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಕಿಟಕಿಯಿಂದ ಅವನ ಬೋಳು ತಲೆ ಕಾಣುತ್ತಿತ್ತು.

ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ ಶ್ರೀಕಂಠ ಎಂಬ ಯುವ ಡಾಕ್ಟರು ಬಂದರು. ಬೆಂಗಳೂರಿನಲ್ಲಿ ಹೆಚ್ಚಿನ ಓದು ಓದುತ್ತಿದ್ದವರು. ಆಸ್ಪತ್ರೆಗಳ ಎಮರ್ಜೆನ್ಸಿಯಲ್ಲಿ ರೋಗಿಗಳ ಆರೈಕೆಯನ್ನು ಹೇಗೆ ಸುಧಾರಿಸಬಹುದು ಎಂಬುದು ಅವರ ಸಂಶೋಧನೆಯಂತೆ. ಕೈಯಲ್ಲಿ ಸೈಕ್ಲೋಸ್ಟೈಲ್ ಮಾಡಿದ ಫಾರಮ್ಮುಗಳ ಕಟ್ಟು, ಕಿವಿಯ ಹಿಂದೆ ಪೆನ್ಸಿಲ್ಲು. ಒಳ್ಳೆಯ ಮನುಷ್ಯ. ರೋಗಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಮಾತಾಡಿದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು.

ಹೆಸರು, ಊರು, ಯಾವಾಗ ನೋವು ಶುರು, ಹೇಗೆ ಬಂದಿರಿ, ಎಲ್ಲ ಕೇಳಿದರು. ಕೊನೆಗೆ ‘ವಿಳಂಬಕ್ಕೆ ಕಾರಣ’ ಎಂದಿತ್ತು. ಅದರ ಕೆಳಗೆ ನಾಲ್ಕು ಸಾಲು: ದೂರ, ನಾಟಿ ಔಷಧಿ, ಬಂಧುಗಳ ಅಜ್ಞಾನ, ಇತರೆ. ನನ್ನನ್ನು ಕೇಳದೆಯೇ ಮೂರನೆಯದರ ಮುಂದೆ ಗುರುತು ಹಾಕಿದರು.

“ಅಜ್ಞಾನ ಅಂದ್ರೆ ಏನು ಸಾರ್?” ಎಂದೆ.

“ಗೊತ್ತಿಲ್ದೇ ಇರೋದು.”

“ನಮ್ಮ ಮಾವನಿಗೆ ಏನು ಗೊತ್ತಿರ್ಲಿಲ್ಲ?”

“ಎಮರ್ಜೆನ್ಸಿ ಎಲ್ಲಿದೆ ಅಂತ.”

“ಎಮರ್ಜೆನ್ಸಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು ಸಾರ್. ಅದಕ್ಕೇ ಒಳಗೆ ಹೋಗ್ಲಿಲ್ಲ.”

ಅವರು ಪೆನ್ಸಿಲ್ಲು ನಿಲ್ಲಿಸಿದರು. ಆಚೀಚೆ ನೋಡಿ, “ಸ್ವಲ್ಪ ಮೆತ್ತಗೆ ಮಾತಾಡಿ” ಎಂದರು. ನಾನು ಬೋರ್ಡು, ಪೊಲೀಸು, ಜೀಪು ಮೂರನ್ನೂ ಹೇಳಿದೆ. ಅವರು ಆ ಬಾಗಿಲಲ್ಲಿ ದಿನಾ ಓಡಾಡುತ್ತಿದ್ದರೂ ಬೋರ್ಡನ್ನು ಓದಿರಲಿಲ್ಲ. ಒಳಗಿರುವವರು ಹೊರಗಿನ ಬೋರ್ಡು ಓದುವುದಿಲ್ಲ. ಮಾವನನ್ನು ಕರೆಸಿದರು.

ಮಾವ ಬಂದು ನಿಂತ. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

“ಯಜಮಾನ್ರೆ, ನಿಮಗೆ ಓದೋಕೆ ಬರುತ್ತಾ?”

“ಬತ್ತದೆ ಸ್ವಾಮಿ. ಅದೇ ತೊಂದ್ರೆ ಆಗಿದ್ದು. ಓದಕ್ಕೆ ಬರ್ದೇ ಇದ್ದಿದ್ರೆ ಸೀದಾ ಒಳಕ್ಕೆ ಕರ್ಕೊಂಡೋಗ್ತಿದ್ದೆ.”

ಡಾಕ್ಟರು ನಗಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ. ಮಾವ ಹೋದ ಮೇಲೆ ರಬ್ಬರು ತೆಗೆದು ಮೂರನೇ ಸಾಲಿನ ಗುರುತನ್ನು ಅಳಿಸಿದರು.

“ಹಂಗಾದ್ರೆ ನಾಲ್ಕನೇದ್ರಲ್ಲಿ ಬರೀರಿ ಸಾರ್” ಎಂದೆ. “ಇತರೆ. ಜನ ಆ ಪದಕ್ಕೆ ಹೆದರಿದರು ಅಂತ.”

“ಹಂಗೆ ಬರೆದ್ರೆ ಈ ಫಾರಂ ಯಾರ್ ಯಾರ ಟೇಬಲ್ ಮೇಲೆ ಹೋಗುತ್ತೆ ಗೊತ್ತಾ ನಿಮಗೆ? ಈ ಕಾಲದಲ್ಲಿ? ನಾನೇ ಒಳಗೆ ಹೋಗ್ಬೇಕಾಗುತ್ತೆ.”

“ನೋಡಿ, ನಿಮಗೂ ಅದೇ ಭಯ. ನಮ್ಮ ಮಾವಂದು ಅಜ್ಞಾನ ಆದ್ರೆ ನಿಮ್ದೇನು?”

ಅವರ ಮುಖ ಕೆಂಪಾಯಿತು. “ಬೋರ್ಡು ಬದಲಾಯಿಸ್ತೀನಿ ರೀ. ಅಷ್ಟು ನನ್ನ ಕೈಲಾಗುತ್ತೆ.”

“ಬೋರ್ಡು ತಪ್ಪು ಅಂತ ಅಳಿಸ್ತೀರಿ. ಅದನ್ನ ಓದಿದೋರ್ ತಪ್ಪು ಅಂತ ಬರ್ಕೋತೀರಿ. ಎರಡೂ ಒಟ್ಟಿಗೆ ಹೆಂಗೆ ನಿಲ್ಲುತ್ತೆ ಸಾರ್?”

ಹೊಲಿಗೆ ಎಳೆಯಿತು. ಅಮ್ಮ ಬಂದು, “ಸಾಕು ಕಣೋ, ಉಳಿಸಿದೋರ ಜೊತೆ ಜಗಳ ಆಡ್ಬಾರ್ದು” ಎಂದಳು. ಉಳಿಸಿದವರ ಜೊತೆ ಅಲ್ಲದೆ ಇನ್ಯಾರ ಜೊತೆ ಜಗಳ ಆಡಬೇಕು? ಅವರಿಗೆ ಮಾತ್ರ ತಾನೆ ಕೇಳುವ ಕಿವಿ ಇರುವುದು. ಡಾಕ್ಟರು ಫಾರಮ್ಮನ್ನು ಕಟ್ಟಿನೊಳಗೆ ಸೇರಿಸಿದರು. “ನೋಡೋಣ” ಎಂದರು. ಆ ಗಳಿಗೆಯಲ್ಲಿ ನಾಲ್ಕೂ ಸಾಲು ಖಾಲಿ ಇದ್ದವು.

ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು. ಅದೇ ವಾರ ಒಬ್ಬ ಪೇಂಟರು ಬಂದು ‘ಪರಿಸ್ಥಿತಿ’ಯ ಮೇಲೆ ಬಿಳಿ ಬಳಿದು ‘ಚಿಕಿತ್ಸೆ’ ಎಂದು ಬರೆದ. ಸಾಕಮ್ಮ ಬಂದು ಸುದ್ದಿ ಹೇಳಿದಳು. “ಅದೇನ್ ಬರ್ದವ್ರೋ ನಂಗೊತ್ತಿಲ್ಲ. ಜನ ಮಾತ್ರ ಹೊರಗಡೆ ನಿಂತು ಗುಸುಗುಸು ಮಾಡದು ಬುಟ್ಟು ಒಳಕ್ಕೆ ಬತ್ತಾವ್ರೆ.”

ನಾನು ಡಿಸ್ಚಾರ್ಜಾದೆ. ಕೆಲವು ತಿಂಗಳಲ್ಲಿ ದೇಶದ ತುರ್ತು ಪರಿಸ್ಥಿತಿಯೂ ಮುಗಿಯಿತು. ಭಯಪಟ್ಟವರೆಲ್ಲ ತಾವು ಭಯಪಟ್ಟಿರಲೇ ಇಲ್ಲ ಎನ್ನತೊಡಗಿದರು. ನಮ್ಮ ಕಾಲೇಜಿನಲ್ಲಿ ಅದೇ ವಿಷಯಕ್ಕೆ ಮತ್ತೆ ಚರ್ಚೆ ಇಟ್ಟರು. ಈ ಸಲ ಪರವಾಗಿ ಮಾತಾಡಲು ಒಬ್ಬನೂ ಸಿಗಲಿಲ್ಲ. ನಾನು ಹೋಗಲಿಲ್ಲ.

ಎಲ್ಲರ ಭಯಕ್ಕೂ ಮಾಫಿ ಸಿಕ್ಕಿತು, ಮಾವನ ಭಯಕ್ಕೆ ಮಾತ್ರ ಸಿಗಲಿಲ್ಲ. ಕಳೆದ ಬೇಸಿಗೆಯಲ್ಲಿ ಕೊತ್ತಗೆರೆಗೆ ಹೋಗಿದ್ದೆ. ನಾವು ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಬೀದಿಯ ಒಬ್ಬ ಓಡಿಬಂದ. ಅವನ ಹೆಂಡತಿಗೆ ಬೆಳಗಿನಿಂದ ವಾಂತಿ, ಕಣ್ಣು ಮೇಲಕ್ಕೆ ಹೋಗುತ್ತಿದೆ. “ಗಂಗಣ್ಣ, ಒಸಿ ಜೊತೇಲಿ ಬಾರಣ್ಣ” ಎಂದ. ಮೊದಲಾಗಿದ್ದರೆ ಮಾವ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಿರುತ್ತಿದ್ದ.

“ನಾನ್ ಬ್ಯಾಡ ಕಣಪ್ಪ” ಎಂದ. “ನಂಗೇನ್ ಗೊತ್ತಾಯ್ತದೆ. ಓದಿರೋರ್ನ ಯಾರಾದ್ರೂ ಕರ್ಕೊಂಡೋಗು.”

ನಾನು ಎದ್ದು ಹೋದೆ. ಕುಣಿಗಲ್ಲಿನಲ್ಲಿ ಚೀಟಿ ಕೊಡುವ ಕಿಟಕಿ ಎಲ್ಲಿ ಎಂದು ಹುಡುಕುವುದರಲ್ಲೇ ಬಹಳ ಹೊತ್ತು ಹೋಯಿತು. ಆ ಹೆಂಗಸು ಉಳಿದಳು. ಆದರೆ ದಾರಿಯುದ್ದಕ್ಕೂ ನಾನು ಯೋಚಿಸುತ್ತಿದ್ದದ್ದು ಒಂದೇ: ಸುತ್ತಲಿನ ಹಳ್ಳಿಗಳಲ್ಲಿ ರೋಗಿಗಳನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸುತ್ತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು, ಯಾಕೆ ತಡವಾಗುತ್ತದೆ ಎಂದು ಕಂಡುಹಿಡಿಯಲು ಹೊರಟವರೆಲ್ಲ ಸೇರಿ ಮನೆಯಲ್ಲಿ ಕೂರಿಸಿದರು. ಅಜ್ಞಾನ ಎಂಬ ಒಂದು ಪದ ಅಷ್ಟು ಕೆಲಸ ಮಾಡಿತು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗ ವಾರ್ಡಿನಲ್ಲಿ ಮಲಗಿದ್ದರೆ, ನಿಮ್ಮನ್ನು ಕರೆತಂದವರು ವರಾಂಡದಲ್ಲಿ ತಲೆ ತಗ್ಗಿಸಿ ಕೂತಿದ್ದರೆ, ಅವರನ್ನು ಒಳಗೆ ಕರೆಯಿರಿ. ನಾನು ಕರೆಯಲಿಲ್ಲ. ಡಾಕ್ಟರ ಎದುರು ಅಷ್ಟೆಲ್ಲ ವಾದ ಮಾಡಿದವನು, ಮಾವನ ಕೈ ಹಿಡಿದು ‘ನಾನೂ ಆ ಬೋರ್ಡಿಗೆ ಹೆದರಿದ್ದೆ ಮಾವ’ ಎಂದು ಹೇಳಿದ್ದು ಮೂರು ವರ್ಷದ ನಂತರ, ಆ ಹೆಂಗಸನ್ನು ಆಸ್ಪತ್ರೆಗೆ ಸೇರಿಸಿ ಕೊತ್ತಗೆರೆಗೆ ವಾಪಸ್ಸು ಬಂದ ಸಂಜೆ. “ಅದ್ನ ಅವತ್ತೇ ಅಂದಿದ್ರೆ ಆಯ್ತಿತ್ತಲ್ಲೋ” ಎಂದ ಮಾವ.

ಆಮೇಲೆ ಅವನು ಕೇಳಿದ್ದು ಒಂದನ್ನೇ. ನೆಂಟರ ಮಾತಿನ ಬಗ್ಗೆ ಅಲ್ಲ, ಊರವರ ನಗುವಿನ ಬಗ್ಗೆಯೂ ಅಲ್ಲ. ಶ್ರೀಕಂಠ ಡಾಕ್ಟರ ಆ ಫಾರಮ್ಮು ಏನಾಯಿತು ಎಂದು ಕೇಳಿದ. ನಾನು ಡಾಕ್ಟರ ಬೆಂಗಳೂರಿನ ವಿಳಾಸಕ್ಕೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರ ಎದುರಿಗೆ, ಇಲ್ಲೇ ಕೇಳುತ್ತಿದ್ದೇನೆ.

ಶ್ರೀಕಂಠ ಡಾಕ್ಟರೇ, ಈಗಂತೂ ಯಾರೂ ನಿಮ್ಮನ್ನು ಒಳಗೆ ಹಾಕುವುದಿಲ್ಲ. ನನ್ನ ಫಾರಮ್ಮಿನಲ್ಲಿ ‘ವಿಳಂಬಕ್ಕೆ ಕಾರಣ’ದ ಕೆಳಗೆ ಖಾಲಿ ಬಿಟ್ಟಿದ್ದಿರಲ್ಲ, ಅಲ್ಲಿ ಕೊನೆಗೆ ಏನು ಬರೆದಿರಿ?